ತಡೆಯಬಾರದ್ದನ್ನು ತಡೆದು, ತಡೆಯಬೇಕಾದದ್ದನ್ನು ಬಿಟ್ಟು

‘ಟೆನ್ಷನ್’ ಎಂಬುದು ಈಗ ಕನ್ನಡದ್ದೇ ಪದವಾಗಿಬಿಟ್ಟಿದೆ. ಕೊಳ್ಳೇಗಾಲದ ಮಗ್ಗದ ಮನೆಯವರು, ಹನೂರು ಕಡೆಯ ಒಣಬೇಸಾಯದ ರೈತರು, ಯಳಂದೂರಿನ ಶಾಲಾ ಶಿಕ್ಷಕಿಯರು, ಎಲ್ಲರೂ ವೈದ್ಯರ ಮುಂದೆ ಕುಳಿತೊಡನೆ ಆ ಪದದಿಂದಲೇ ಮಾತು ಆರಂಭಿಸುತ್ತಾರೆ. ಬಿಡಿಸಿ ಕೇಳಿದರೆ ಒಬ್ಬರಿಗೆ ಕುತ್ತಿಗೆ, ಹೆಗಲು ಹಿಡಿದುಕೊಂಡಿರುತ್ತದೆ, ಮತ್ತೊಬ್ಬರಿಗೆ ನೆತ್ತಿ ಕಾದಂತಾಗುತ್ತದೆ, ಇನ್ನೊಬ್ಬರಿಗೆ ಎದೆಯುರಿ. ಬಹುಮಂದಿಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬಾರದು. “ಏನಾದರೂ ಕೊಡಿ ಡಾಕ್ಟ್ರೇ, ಮನಸ್ಸು ಹಗುರವಾಗಬೇಕು” ಎಂಬುದು ಎಲ್ಲರ ಕೋರಿಕೆ.

ಕೊಡುವವರಿಗೇನೂ ಕೊರತೆಯಿಲ್ಲ. ಚೂರ್ಣ, ಲೇಹ್ಯ, ಮಾತ್ರೆ, ಎರಡು ದಿನದ ರೆಸಾರ್ಟ್ ವಾಸ, ಸಾವಿರಾರು ರೂಪಾಯಿಯ ಶಿರೋಧಾರೆಯ ‘ಪ್ಯಾಕೇಜ್’ ಎಲ್ಲವೂ ಮಾರಾಟಕ್ಕಿವೆ. ಶಿರೋಧಾರೆಯನ್ನು ನಾನು ಹಳಿಯುತ್ತಿಲ್ಲ; ತಕ್ಕ ರೋಗಿಗೆ ತಕ್ಕ ಕಾಲದಲ್ಲಿ ಅದು ಒಳ್ಳೆಯ ಚಿಕಿತ್ಸೆ. ಆದರೆ ವಿಶ್ರಾಂತಿಯನ್ನು ಹೊರಗಿನಿಂದ ತಂದು ದೇಹಕ್ಕೆ ತುಂಬಬೇಕಾದ ವಸ್ತುವೆಂದು ನಂಬಿಸುತ್ತಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ದೇಹಕ್ಕೆ ದಣಿವಾರಿಸಿಕೊಳ್ಳುವ ವಿದ್ಯೆ ಹುಟ್ಟಿನಿಂದಲೇ ಗೊತ್ತು. ನಾವು ಅದಕ್ಕೆ ಅಡ್ಡ ನಿಲ್ಲುತ್ತಿದ್ದೇವೆ, ಅಷ್ಟೇ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ತಡೆಯಬಾರದ 13 ಶಾರೀರಿಕ ವೇಗಗಳನ್ನು ಅಲ್ಲಿ ಎಣಿಸಲಾಗಿದೆ: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮತ್ತು ದುಡಿದ ಮೇಲೆ ಬರುವ ಏದುಸಿರು. ಇದರ ಬೆನ್ನಿಗೇ ತಡೆಯಲೇಬೇಕಾದ ಮಾನಸಿಕ ವೇಗಗಳ ಪಟ್ಟಿಯಿದೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜತೆ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರ ವಸ್ತುವಿನ ಮೇಲಿನ ಆಸೆ. ಒಂದನ್ನು ಬಿಡು, ಇನ್ನೊಂದನ್ನು ಹಿಡಿ. ನಮ್ಮ ಇಂದಿನ ದಿನಚರಿಯನ್ನು ಈ ಎರಡು ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲವೂ ತಿರುವುಮುರುವಾಗಿರುವುದು ಕಾಣುತ್ತದೆ. ಮೂತ್ರವನ್ನು ತಡೆಯುತ್ತೇವೆ, ಹಸಿವನ್ನು ಮುಂದೂಡುತ್ತೇವೆ, ನಿದ್ರೆಯನ್ನು ಚಹಾ ಕುಡಿದು ಓಡಿಸುತ್ತೇವೆ. ಕೋಪಕ್ಕೆ, ಭಯಕ್ಕೆ, ಹೊಟ್ಟೆಕಿಚ್ಚಿಗೆ ಮಾತ್ರ ಹಗ್ಗ ಬಿಟ್ಟಿದ್ದೇವೆ.

ಹೇಳಲು ಸಂಕೋಚವೆನಿಸುವ ವಿಷಯದಿಂದಲೇ ತೊಡಗುತ್ತೇನೆ. ರೇಷ್ಮೆ ನೂಲು ಬಿಚ್ಚುವ ಕಡೆ, ಗಾರ್ಮೆಂಟ್ಸ್‌ಗಳಲ್ಲಿ, ದೂರದ ಶಾಲೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಅನೇಕರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕಾದೀತು. ಹೋಗಲು ಜಾಗವಿಲ್ಲ, ಅಥವಾ ಕೇಳಲು ನಾಚಿಕೆ. ಅವರಿಗೆ ಮಧ್ಯಾಹ್ನದ ವೇಳೆಗೆ ತಲೆನೋವು, ಸಂಜೆಗೆ ಸಿಡುಕು, ವರ್ಷಕ್ಕೆ ಎರಡು ಮೂರು ಬಾರಿ ಉರಿಮೂತ್ರ. ಈ ತಲೆನೋವಿಗೂ ಅವರು ‘ಟೆನ್ಷನ್’ ಎಂದೇ ಹೆಸರಿಡುತ್ತಾರೆ. ಇಂಥವರಿಗೆ ಧ್ಯಾನ ಹೇಳಿಕೊಡುವುದಕ್ಕಿಂತ ಮೊದಲು ಒಂದು ತಂಬಿಗೆ ನೀರು ಕುಡಿಸಬೇಕು. ಜಾತ್ರೆಗಳಲ್ಲಿ, ಪಾದಯಾತ್ರೆಯ ದಾರಿಯಲ್ಲಿ ಇದೇ ಪಾಡು. ಅನ್ನದಾಸೋಹಕ್ಕೆ ಮುಂದೆ ಬರುವ ದಾನಿಗಳು ಬಹಳ ಮಂದಿ. ನೀರು, ಬೆಳಕು, ಬಾಗಿಲು ಇರುವ ನಾಲ್ಕು ಶೌಚಾಲಯಗಳನ್ನು ಕಟ್ಟಿಸಿ ಅವನ್ನು ಶುಚಿಯಾಗಿಡಲು ಮುಂದೆ ಬರುವವರು ವಿರಳ. ಅದೂ ದಾಸೋಹವೇ ಎಂದು ನಮ್ಮ ಭಕ್ತವರ್ಗ ಭಾವಿಸುವ ದಿನ ಬರಬೇಕು.

ಏದುಸಿರಿನ ವಿಷಯ ಇನ್ನೂ ಸ್ವಾರಸ್ಯವಾದುದು. ಹೊರೆ ಇಳಿಸಿದವನು, ಮೆಟ್ಟಿಲು ಹತ್ತಿದವನು ಕ್ಷಣಕಾಲ ನಿಂತು ಉಸಿರು ಬಿಡುತ್ತಾನಲ್ಲ, ಅದನ್ನು ತಡೆಯಬೇಡಿ ಎನ್ನುತ್ತದೆ ಶಾಸ್ತ್ರ. ನಮ್ಮ ಹಿರಿಯರು ಹೊರೆ ಇಳಿಸಿ ‘ಶಿವಾ’ ಎಂದು ಉದ್ದನೆಯ ಉಸಿರು ಬಿಡುತ್ತಿದ್ದರು. ಆ ಒಂದು ಪದದಲ್ಲಿ ಭಕ್ತಿಯೂ ಇತ್ತು, ವೈದ್ಯವೂ ಇತ್ತು. ಉಸಿರನ್ನು ಒಳಗೆ ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಬಿಡುವಾಗ ತುಸು ಇಳಿಯುತ್ತದೆ. ಆದ್ದರಿಂದ ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ಹೃದಯಕ್ಕೆ, ಅದರೊಂದಿಗೆ ಮನಸ್ಸಿಗೆ, ಶಾಂತವಾಗೆಂದು ಸೂಚನೆ ಕೊಟ್ಟಂತೆ. ಸುಮ್ಮನೆ ಕುಳಿತಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಬಲವಂತವಿಲ್ಲದೆ ಆರೇಳಕ್ಕೆ ಇಳಿಸಿಕೊಂಡು ಐದು ನಿಮಿಷ ಕುಳಿತರೆ ಹೆಗಲು ತಾನೇ ಸಡಿಲವಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಮೂಗಿನಿಂದ ಒಳಕ್ಕೆ ಎಳೆದುಕೊಂಡು ಮನಸ್ಸಿನಲ್ಲಿ ನಾಲ್ಕು ಎಣಿಸಿ, ಹೊರಬಿಡುವಾಗ ಆರು. ಉಸಿರನ್ನು ಕಟ್ಟಿಹಿಡಿಯುವುದು ಬೇಡ. ರಕ್ತದೊತ್ತಡ, ಹೃದಯರೋಗ ಇರುವವರಿಗಂತೂ ಕುಂಭಕ ಸಲ್ಲದು. ತಲೆ ಸುತ್ತಿದಂತಾದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ.

ಎಣಿಸಲು ಬೇಸರವಾಗುವವರು ಹಾಡಲಿ. ಹಾಡುವುದೆಂದರೆ ಉಸಿರನ್ನು ಮೆಲ್ಲಮೆಲ್ಲನೆ ಹೊರಬಿಡುವುದೇ ತಾನೆ? ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವ ಭಕ್ತರು ದಣಿವಾದಾಗಲೆಲ್ಲ ‘ಉಘೇ’ ಎಂದು ಎಳೆದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಕೂಗಿದ ಮೇಲೆ ಅವರ ಹೆಜ್ಜೆ ಹಗುರವಾಗುವುದನ್ನೂ ಕಂಡಿದ್ದೀರಿ. ಕಂಸಾಳೆಯವರ ಕಥೆ ಕೇಳುತ್ತ ರಾತ್ರಿ ಕಳೆಯುತ್ತಿದ್ದ ಊರುಗಳಲ್ಲಿ ಈಗ ಮನೆಗೊಂದು ಟಿ.ವಿ. ಇದೆ; ಹಾಡುವ ಬಾಯಿಗಳು ಮುಚ್ಚಿವೆ. ಭಜನೆ, ವಚನಗಾಯನಗಳಲ್ಲಿ ದನಿ ಚೆನ್ನಾಗಿಲ್ಲವೆಂದು ಹಿಂದೆ ಕೂರುವವರಿಗೆ ನಾನು ಹೇಳುವುದಿಷ್ಟೇ: ಔಷಧಿ ನಿಮ್ಮ ಉಸಿರಿನಲ್ಲಿದೆ, ಶ್ರುತಿಯ ಚಿಂತೆ ಬೇಡ.

ಇನ್ನು ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಊರುಗೋಲುಗಳ ಮೇಲೆ ಶರೀರ ನಿಂತಿದೆ ಎಂದು ಚರಕರು ಹೇಳಿದ್ದಾರೆ. ಈ ಮಾತು ರೇಷ್ಮೆ ಸಾಕುವವರಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ‘ಜ್ವರ’ಕ್ಕೆ ಕೂರುತ್ತದೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಕಾಲ. ಆಗ ಅದು ತಲೆಯೆತ್ತಿ ಅಲುಗಾಡದೆ ಕೂತುಬಿಡುತ್ತದೆ. ಅನುಭವಿ ರೈತ ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ. ಸುಣ್ಣದ ಪುಡಿ ಉದುರಿಸಿ, ತಟ್ಟೆಯನ್ನು ಅಲುಗಿಸದೆ, ಎಲ್ಲ ಹುಳುಗಳೂ ಎದ್ದ ಮೇಲೆಯೇ ಮೇವು ಕೊಡುತ್ತಾನೆ. ಮಕ್ಕಳು ಆ ಕಡೆ ಸದ್ದು ಮಾಡಿದರೂ ಗದರುತ್ತಾನೆ. ಜ್ವರದಲ್ಲಿ ಕದಲಿಸಿದ ಹುಳು ಚೆನ್ನಾಗಿ ಬೆಳೆಯದೆಂದು ಅವನಿಗೆ ಗೊತ್ತು. ಹುಳುವಿಗೆ ತೋರಿಸುವ ಈ ಗೌರವವನ್ನು ಅವನು ತನಗೆ ತೋರಿಸಿಕೊಳ್ಳುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಒಟ್ಟು ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಅದು ಅನಿವಾರ್ಯ, ಒಪ್ಪುತ್ತೇನೆ. ಆದರೆ ಗೂಡು ಮಾರುಕಟ್ಟೆಗೆ ಹೋದ ಮೇಲಾದರೂ ಎರಡು ದಿನ ತಾವೂ ‘ಜ್ವರಕ್ಕೆ ಕೂರುವ’ ಪದ್ಧತಿಯನ್ನು ಏಕೆ ಇಟ್ಟುಕೊಳ್ಳಬಾರದು?

ಹನೂರಿನ ಕಾಡಂಚಿನ ಊರುಗಳವರ ಪಾಡು ಬೇರೆ. ಜೋಳ, ರಾಗಿ ತೆನೆ ಬಂದೊಡನೆ ಆನೆ, ಹಂದಿಗಳ ಭಯ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾವಲು. ಬೆಳಗಾದರೆ ಮತ್ತೆ ಹೊಲದ ಕೆಲಸ. ಇವರಿಗೆ ‘ಬೇಗ ಮಲಗಿ ಬೇಗ ಏಳಿ’ ಎಂದು ಉಪದೇಶಿಸುವುದು ಹಾಸ್ಯಾಸ್ಪದ. ವಾಗ್ಭಟರು ಅಷ್ಟಾಂಗಹೃದಯದಲ್ಲಿ ಇಂಥವರಿಗಾಗಿಯೇ ಒಂದು ಉಪಾಯ ಹೇಳಿದ್ದಾರೆ: ರೂಢಿಯಿಲ್ಲದೆ ರಾತ್ರಿ ಎಚ್ಚರವಿದ್ದವನು ಎಷ್ಟು ಹೊತ್ತು ನಿದ್ರೆಗೆಟ್ಟನೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ, ಆಹಾರ ಸೇವಿಸುವ ಮೊದಲು, ಮಲಗಬೇಕು. ಊಟ ಮಾಡಿದೊಡನೆ ಮಲಗುವ ಹಗಲು ನಿದ್ರೆ ಕಫವನ್ನು ಹೆಚ್ಚಿಸುತ್ತದೆ. ಬರಿಹೊಟ್ಟೆಯ ಈ ನಿದ್ರೆ ದಣಿವನ್ನು ಕಳೆಯುತ್ತದೆ. (ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇರಬಾರದು, ಅವರು ಲಘುವಾಗಿ ಏನಾದರೂ ತಿಂದೇ ಮಲಗಲಿ.) ಹತ್ತು ಗಂಟೆಯವರೆಗೆ ಮಲಗಿರುವ ಕಾವಲುಗಾರನನ್ನು ಸೋಮಾರಿಯೆಂದು ಮನೆಯವರು ಮೂದಲಿಸದಿದ್ದರೆ ಅದೇ ದೊಡ್ಡ ಶುಶ್ರೂಷೆ.

ಮಲಗಿದರೂ ನಿದ್ರೆ ಬಾರದವರಿಗೆ ನಾನು ಮೊದಲು ಹೇಳುವುದು ಪಾದಾಭ್ಯಂಗ. ಎಣ್ಣೆ ಹಚ್ಚುವಾಗ ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನವಿರಲಿ ಎಂಬುದು ವಾಗ್ಭಟರ ದಿನಚರ್ಯೆಯ ಸೂಚನೆ. ರಾತ್ರಿ ಬಿಸಿನೀರಿನಲ್ಲಿ ಕಾಲು ತೊಳೆದು ಒರೆಸಿಕೊಂಡು, ಎರಡು ಚಮಚ ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಒಂದೊಂದು ಪಾದಕ್ಕೂ ಐದು ನಿಮಿಷ ಅಂಗಾಲಿನಿಂದ ಹಿಮ್ಮಡಿಯವರೆಗೆ ತಿಕ್ಕಬೇಕು. ಬಿಸಿಲುಗಾಲದಲ್ಲಿ ಕೊಬ್ಬರಿ ಎಣ್ಣೆಯಾದೀತು. ಜ್ವರ, ನೆಗಡಿ, ಅಜೀರ್ಣ ಇದ್ದಾಗ ಬೇಡ. ಸಕ್ಕರೆ ಕಾಯಿಲೆಯವರು ಪಾದದಲ್ಲಿ ಗಾಯ, ಬಿರುಕು ಇದೆಯೇ ಎಂದು ನೋಡಿಕೊಳ್ಳಬೇಕು. ಕಾಲಿಗೆ ಸ್ಪರ್ಶ ತಿಳಿಯದಿದ್ದರೆ ನೀರಿನ ಬಿಸಿಯನ್ನು ಬೇರೆಯವರು ಪರೀಕ್ಷಿಸಲಿ. ವಯಸ್ಸಾದವರು ಎಣ್ಣೆಗಾಲಿನಲ್ಲಿ ನಡೆಯಬಾರದು, ಒರೆಸಿಕೊಂಡೇ ಏಳಬೇಕು. ಮನೆಯ ಹಿರಿಯರ ಕಾಲಿಗೆ ಮಗನೋ ಮೊಮ್ಮಗಳೋ ಎಣ್ಣೆ ಹಚ್ಚಿದರೆ ಫಲ ಇಮ್ಮಡಿ. ಇದಕ್ಕೆ ಶಾಸ್ತ್ರದ ಆಧಾರ ಕೇಳಬೇಡಿ, ಹಚ್ಚಿ ನೋಡಿ. ಸಂಜೆ ನಾಲ್ಕರ ಮೇಲೆ ಚಹಾ, ಕಾಫಿ ಬೇಡ. ಒಂದೆಲಗದ ಚಟ್ನಿ ಒಳ್ಳೆಯದೇ. ಆದರೆ ಅದನ್ನು ತಿಂದ ರಾತ್ರಿಯೇ ನಿದ್ರೆ ಬರುತ್ತದೆಂದು ಕಾಯಬೇಡಿ. ಅಶ್ವಗಂಧವನ್ನು ಅಂಗಡಿಯಿಂದ ತಂದು ತಮಗೆ ತಾವೇ ಸೇವಿಸುವವರು ಹೆಚ್ಚಿದ್ದಾರೆ. ಗರ್ಭಿಣಿಯರು, ಥೈರಾಯ್ಡ್‌ಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಕೂಡದು.

ಕಣ್ಣೀರಿನ ಮಾತು. ಶೋಕವನ್ನು ತಡೆ ಎನ್ನುವ ಶಾಸ್ತ್ರವೇ ಕಣ್ಣೀರನ್ನು ತಡೆಯಬೇಡ ಎನ್ನುತ್ತದೆ. ವಿರೋಧದಂತೆ ಕಂಡರೂ ಇದು ವಿರೋಧವಲ್ಲ. ಅಳು ಬಂದಾಗ ಅತ್ತುಬಿಡಬೇಕು. ಅತ್ತ ಮೇಲೆ ದುಃಖವನ್ನೇ ಮೆಲುಕು ಹಾಕುತ್ತ ಕೂರಬಾರದು. ನಮ್ಮಲ್ಲಿ ಗಂಡಸು ಅತ್ತರೆ ಅವಮಾನ. ಬೆಳೆ ಹೋದವನು, ಮಗನನ್ನು ಕಳೆದುಕೊಂಡವನು ಹನ್ನೊಂದು ದಿನ ಕಲ್ಲಿನಂತಿದ್ದು ಆಮೇಲೆ ಎದೆನೋವೆಂದು ಬರುತ್ತಾನೆ. ಎದೆನೋವೆಂದರೆ ಮೊದಲು ಇ.ಸಿ.ಜಿ. ಮಾಡಿಸಲೇಬೇಕು, ಅದರಲ್ಲಿ ಉದಾಸೀನ ಸಲ್ಲದು. ಅದು ಸರಿಯಿದೆಯೆಂದು ತಿಳಿದ ಮೇಲೆ ಬಾಗಿಲು ಮುಚ್ಚಿ ಹತ್ತು ನಿಮಿಷ ಅವನ ಮಾತು ಕೇಳಿದರೆ ಸಾಕು, ಕಣ್ಣು ತುಂಬಿ ಬರುತ್ತದೆ. ಆಮೇಲೆ ಕೊಡುವ ಔಷಧಿ ಬಹಳ ಕಡಿಮೆ.

ತಡೆಯಬೇಕಾದ ಪಟ್ಟಿಗೆ ಬರೋಣ. ಲೋಭವನ್ನು ತಡೆಯುವುದು ಹೇಗೆಂದು ಶರಣಪರಂಪರೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮನೆಮನೆಯಲ್ಲಿದೆ. ಕಾಯಕಕ್ಕೆ ಮಿತಿಯಿದೆ ಎಂಬ ಅರ್ಥವನ್ನೂ ನಾನು ಆ ಕಥೆಯಲ್ಲಿ ಕಾಣುತ್ತೇನೆ. ಅಂದಿನ ಅಗತ್ಯ ಮುಗಿದ ಮೇಲೆ ಕೈ ನಿಲ್ಲಬೇಕು. ಕಾಯಕದ ಹೆಸರಿನಲ್ಲಿ ದುಡಿಮೆಯ ಗೀಳನ್ನು ಹೊಗಳುವುದು ಶರಣರಿಗೆ ಮಾಡುವ ಅಪಚಾರವೆಂದೇ ನನ್ನ ಭಾವನೆ.

ಭಯದ ವಿಷಯದಲ್ಲಿ ಉಪದೇಶ ಅಷ್ಟು ಸುಲಭವಲ್ಲ. ಸಂಘದ ಸಾಲದ ವಾರದ ಕಂತು ಕಟ್ಟಬೇಕಾದ ತಾಯಿಗೆ ಎಳ್ಳೆಣ್ಣೆ ಹಚ್ಚಿದರೆ ಸಾಲ ಕರಗುವುದಿಲ್ಲ. ಆದರೆ ರಾತ್ರಿ ಮೂರು ಗಂಟೆಯ ಕತ್ತಲಿನಲ್ಲಿ ಹತ್ತು ಸಾವಿರದ ಸಾಲ ಒಂದು ಲಕ್ಷದಂತೆ ಕಾಣುತ್ತದೆ. ನಾನು ಹೇಳುವ ಉಪಾಯ ಇಷ್ಟು: ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಡಬೇಕು, ಯಾವ ದಿನ, ಯಾರೊಂದಿಗೆ ಮಾತನಾಡಬೇಕು ಎಂದು ಬರೆದು ಪುಸ್ತಕ ಮುಚ್ಚಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಲಿ. ರಾತ್ರಿ ಎಚ್ಚರವಾದರೆ, ಅದು ಪುಸ್ತಕದಲ್ಲಿದೆ, ನಾಳೆ ನೋಡೋಣ ಎಂದು ಮಗ್ಗುಲು ಬದಲಿಸಬಹುದು. ಗಂಡನಿಗೆ ತಿಳಿಯದಂತೆ ಸಾಲ ಮಾಡಿದವರು, ಹೆಂಡತಿಗೆ ಮುಚ್ಚಿಟ್ಟವರು ಮೊದಲು ಅದನ್ನು ಹೇಳಿಬಿಡಲಿ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿಯನ್ನು ದೇಹವೂ ಕಟ್ಟುತ್ತದೆ.

ಈರ್ಷ್ಯೆಗಂತೂ ಈಗ ಕೈಯಲ್ಲೇ ಯಂತ್ರವಿದೆ. ಯಾರ ಗೃಹಪ್ರವೇಶ, ಯಾರ ಕಾರು, ಯಾರ ಮಗ ಅಮೆರಿಕದಲ್ಲಿ, ಎಲ್ಲವನ್ನೂ ಹಾಸಿಗೆಯಲ್ಲಿ ಮಲಗಿ ನೋಡುವುದನ್ನು ನಾವು ವಿಶ್ರಾಂತಿಯೆನ್ನುತ್ತೇವೆ. ಚರಕರು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು: ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ನಡುಮನೆಯಲ್ಲಿ ಮಲಗುವುದು ನಮ್ಮ ಕಾಲದ ಸತ್ತ್ವಾವಜಯ.

ಹಿಂದಕ್ಕೆ ತೆಗೆದ ಮನಸ್ಸನ್ನು ಎಲ್ಲಿ ಇರಿಸಬೇಕು ಎಂಬ ಪ್ರಶ್ನೆಗೆ ನಮ್ಮ ಭಕ್ತರ ಬಳಿ ಸಿದ್ಧ ಉತ್ತರವಿದೆ. ಬೇರೆಯವರು ಹಣ ಕೊಟ್ಟು ಧ್ಯಾನ ಶಿಬಿರಗಳಲ್ಲಿ ಕಲಿಯುವುದನ್ನು ನಮಗೆ ಎಳವೆಯಲ್ಲೇ ಗುರುಗಳು ಅಂಗೈಯಲ್ಲಿಟ್ಟಿದ್ದಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ನೆಟ್ಟ ದೃಷ್ಟಿ, ನೇರ ಬೆನ್ನು, ಉಸಿರಿನೊಂದಿಗೆ ಸಾಗುವ ಮಂತ್ರ. ದೇಹ, ಕಣ್ಣು, ಉಸಿರು, ಮಾತು ನಾಲ್ಕನ್ನೂ ಒಂದೇ ಕಡೆ ತರುವ ಇಷ್ಟು ಸರಳವಾದ ವಿಧಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅನೇಕ ಮನೆಗಳಲ್ಲಿ ಅದು ಮೂರು ನಿಮಿಷದಲ್ಲಿ ಮುಗಿಯುತ್ತಿದೆ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಿವಿ ಬಸ್ಸಿನ ಹಾರ್ನಿನ ಮೇಲೆ. ಪೂಜೆಯ ಫಲಾಫಲದ ಬಗ್ಗೆ ಹೇಳಲು ಗುರುಗಳಿದ್ದಾರೆ. ವೈದ್ಯನಾಗಿ ನಾನು ಕೇಳುವುದು ಹದಿನೈದು ನಿಮಿಷ ಮಾತ್ರ. ಬೆಳಿಗ್ಗೆ ಸಾಧ್ಯವಾಗದಿದ್ದರೆ ಸಂಜೆ.

“ಹದಿನೈದು ನಿಮಿಷ ಎಲ್ಲಿ ಸ್ವಾಮಿ?” ಎಂದು ಕೇಳುವವರಲ್ಲಿ ಹೆಚ್ಚಿನವರು ತಾಯಂದಿರು, ಮತ್ತು ಅವರ ಪ್ರಶ್ನೆ ನ್ಯಾಯವಾದುದು. ಮನೆಯಲ್ಲಿ ಮೊದಲು ಏಳುವವಳೂ ಅವಳೇ, ಕೊನೆಗೆ ಮಲಗುವವಳೂ ಅವಳೇ. ಯಜಮಾನರು ಪೂಜೆಗೆ ಕುಳಿತಾಗ ಹೂವು, ಪತ್ರೆ, ನೀರು ಒದಗಿಸುವವಳು ತನ್ನ ಪೂಜೆಯನ್ನು ಒಲೆಯ ಮೇಲಿನ ಹಾಲು ಉಕ್ಕುವ ಮುನ್ನ ಮುಗಿಸಬೇಕು. ಎಂಟುನೂರು ವರ್ಷಗಳ ಹಿಂದೆಯೇ ಹೆಣ್ಣಿನ ಅಂಗೈಗೂ ಲಿಂಗ ಕೊಟ್ಟ ಪರಂಪರೆ ನಮ್ಮದು. ಅದನ್ನು ನೋಡುತ್ತ ಕೂರಲು ಅವಳಿಗೆ ಬಿಡುವು ಕೊಡದಿದ್ದರೆ ಆ ಹಿರಿಮೆ ಭಾಷಣದಲ್ಲಿ ಉಳಿಯುತ್ತದೆ. ಒಬ್ಬರ ವಿಶ್ರಾಂತಿಗೆ ಇನ್ನೊಬ್ಬರು ಕೆಲಸಕ್ಕೆ ಹೆಗಲು ಕೊಡಬೇಕು, ಬೇರೆ ದಾರಿಯಿಲ್ಲ. ಅವಳು ಕುಳಿತಿರುವ ಹದಿನೈದು ನಿಮಿಷ ಒಲೆಯ ಮುಂದೆ ನಿಲ್ಲುವುದನ್ನು ಗಂಡಸರು ತಮ್ಮ ದಿನಚರಿಯಲ್ಲಿ ಸೇರಿಸಿಕೊಳ್ಳಲಿ. ಮುದ್ದೆ ಗಂಟಾದರೆ ಪರವಾಗಿಲ್ಲ.

ಮದ್ಯದ ಬಗ್ಗೆ ಎರಡೇ ಮಾತು. “ಟೆನ್ಷನ್ ಕಳೆಯೋಕೆ ಒಂಚೂರು” ಎನ್ನುವವರು ತಿಳಿಯಬೇಕಾದದ್ದು: ಅದು ಮೊದಲ ನಿದ್ರೆಯನ್ನು ಬೇಗ ತರಿಸಿ ನಡುರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ, ಮರುದಿನದ ಕಳವಳ ಹೆಚ್ಚಾಗಿ ಮತ್ತೆ ಕುಡಿಸುತ್ತದೆ. ಬಹಳ ಕಾಲದಿಂದ ದಿನವೂ ಕುಡಿಯುತ್ತಿದ್ದವರು ಹಟಾತ್ತನೆ ಬಿಡುವಾಗ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಆದ್ದರಿಂದ ಆಣೆ ಇಡಿಸಿ ಬಿಡಿಸುವುದರ ಜೊತೆಗೆ ಆಸ್ಪತ್ರೆಯ ನಿಗಾ ಬೇಕು.

ಇದುವರೆಗೆ ಹೇಳಿದ್ದೆಲ್ಲ ದಣಿದ ಮನಸ್ಸಿಗೆ. ರೋಗಗ್ರಸ್ತ ಮನಸ್ಸಿಗೆ ಇದಷ್ಟೇ ಸಾಲದು, ಮತ್ತು ಈ ಎರಡನ್ನು ಬೆರೆಸಬಾರದು. ಕನ್ನಡದ ಶ್ರೇಷ್ಠ ನಾಟಕಕಾರ ಸಂಸರು 1898ರಲ್ಲಿ ಹುಟ್ಟಿದ್ದು ನಮ್ಮ ಯಳಂದೂರು ತಾಲ್ಲೂಕಿನ ಅಗರದಲ್ಲಿ. ‘ವಿಗಡ ವಿಕ್ರಮರಾಯ’ದಂಥ ನಾಟಕ ಬರೆದ ಆ ಪ್ರತಿಭಾವಂತರನ್ನು ಪೊಲೀಸರು ಬೆನ್ನಟ್ಟುತ್ತಿದ್ದಾರೆಂಬ ಭೀತಿ ಕೊನೆಯವರೆಗೂ ಕಾಡಿತು, 1939ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಅಂಥ ಭೀತಿ ಮನೋದೌರ್ಬಲ್ಯವಲ್ಲ, ಭಕ್ತಿಯ ಕೊರತೆಯೂ ಅಲ್ಲ, ಅದು ಕಾಯಿಲೆ. ಅಂದು ಅವರಿಗೆ ದೊರೆಯದ ನೆರವು ಇಂದು ದೊರೆಯುತ್ತದೆ.

ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ನಿದ್ರೆ ಎರಡೂ ಕೆಡುವುದು, ಇಲ್ಲದ ದನಿಗಳು ಕೇಳಿಸುವುದು, ಯಾರೋ ಕೇಡು ಮಾಡುತ್ತಿದ್ದಾರೆಂಬ ದೃಢವಾದ ಶಂಕೆ, ಬದುಕಿ ಫಲವೇನು ಎಂಬ ಮಾತು ಇವುಗಳಲ್ಲಿ ಯಾವುದೇ ಒಂದು ಮನೆಯವರಲ್ಲಿ ಕಂಡರೂ ಎಣ್ಣೆ, ಕಷಾಯ, ತಾಯತಗಳಲ್ಲಿ ದಿನ ಕಳೆಯದೆ ಮನೋವೈದ್ಯರಿಗೆ ತೋರಿಸಿ. ಅವರು ಕೊಟ್ಟ ಮಾತ್ರೆಗಳನ್ನು ಆಯುರ್ವೇದದ ಔಷಧಿ ಆರಂಭಿಸಿದೆವೆಂದು ನಿಲ್ಲಿಸಬೇಡಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆಂದು ತಂದ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದಿಡಿ.